ಎಡಗಣ್ಣು ಮುಚ್ಚಿದರೆ ಬರುವ ಇಂಗ್ಲಿಷ್

ಹೆದರುವ ವಿಷಯದಲ್ಲಿ ಕನ್ನಡಕದಂಗಡಿಯ ಯಜಮಾನರು ಎಂದೂ ಪಕ್ಷಪಾತ ಮಾಡಿದವರಲ್ಲ. ಬೀದಿನಾಯಿಗೆ ಎಷ್ಟು ಹೆದರುತ್ತಿದ್ದರೋ ಬೆಕ್ಕಿನ ಮರಿಗೂ ಅಷ್ಟೇ ಹೆದರಿ ಗೌರವಿಸುತ್ತಿದ್ದರು. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ, ಅದು ತಾನಾಗಿ ಬಾಯಿ ಮುಚ್ಚುವವರೆಗೂ ಅದರ ಮೇಲೊಂದು ಟವೆಲು ಹೊದಿಸಿ ದೂರ ಕೂರುತ್ತಿದ್ದರು. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಿದ್ದರು. ಮೆಟ್ಟಿಲ ಮೇಲೆ ದೀಪವಿಲ್ಲದಿದ್ದರೆ ಬಂದ ಕೆಲಸವೇ ಬೇಡವೆಂದು ಮನೆಗೆ ವಾಪಸಾಗುತ್ತಿದ್ದರು. ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವ ಈ ಮಹಾನುಭಾವರು ತಮ್ಮ ಕಣ್ಣನ್ನು ಮಾತ್ರ ಒಮ್ಮೆಯೂ ಪರೀಕ್ಷೆ ಮಾಡಿಕೊಂಡಿರಲಿಲ್ಲ. (ಏನಾದರೂ ಇದೆ ಅಂತ ಗೊತ್ತಾಗಿಬಿಟ್ಟರೆ?)

ಇಂಥವರಿಗೆ ಸಿಕ್ಕ ಹೆಂಡತಿ ಯಾವುದಕ್ಕೂ ಜಗ್ಗುವವಳಲ್ಲ. ಗೋಡೆಯ ಮೇಲಿನ ಜಿರಲೆಯನ್ನು ಬರಿಗೈಯಲ್ಲಿ ಹಿಡಿದು ಕಿಟಕಿಯಾಚೆ ಎಸೆದು, ಅದೇ ಉಸಿರಿನಲ್ಲಿ ಮಾತು ಮುಂದುವರಿಸುವ ಹೆಂಗಸು. ಗಂಡ ಕುರ್ಚಿಯ ಮೇಲೆ ಕಾಲೆತ್ತಿ ಕೂತಾಗಲೆಲ್ಲ ಆಕೆ ಒಂದೇ ಮಾತು ಹೇಳುತ್ತಿದ್ದಳು:

"ಅವತ್ತಿದ್ದ ಧೈರ್ಯ ಎಲ್ಲಿ ಹೋಯ್ತು ರೀ ನಿಮಗೆ?"

ಹಾಗೆ ಹೇಳುವಾಗ ಆಕೆಯ ಮುಖದಲ್ಲಿ ಒಂದು ಬೇರೆ ಥರದ ನಗು ಬರುತ್ತಿತ್ತು, ಕೆನ್ನೆಗೆ ಸ್ವಲ್ಪ ಬಣ್ಣವೂ ಬರುತ್ತಿತ್ತು. ಯಾವತ್ತಿನ ಧೈರ್ಯ, ಯಾರ ಮೇಲೆ ತೋರಿಸಿದ ಧೈರ್ಯ ಎಂಬುದರ ತಲೆಬುಡ ಯಜಮಾನರಿಗೆ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಕೇಳಬೇಕೆಂದುಕೊಂಡಿದ್ದರು. ಹೆದರಿಕೆಯಿಂದ ಕೇಳಿರಲಿಲ್ಲ.

ಇವರ ಒಬ್ಬಳೇ ಮಗಳು ಮೂಳೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೆಲಸದಲ್ಲಿದ್ದಳು. ಅವಳು ಮೆಚ್ಚಿದ ಹುಡುಗ ದನದ ಡಾಕ್ಟರು. ಅವನಿಗೆ ತಂದೆ ಇಲ್ಲ. ತಾಯಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಊರಿಗೆಲ್ಲ ಅವರು ಮೇಡಂ. ಸ್ವಂತ ಮಗನೂ ಆಗಾಗ ಬಾಯಿತಪ್ಪಿ ಹಾಗೇ ಕರೆಯುತ್ತಿದ್ದನಂತೆ. ಮಕ್ಕಳು ಒಪ್ಪಿಯಾಗಿತ್ತು, ಯಜಮಾನರ ಹೆಂಡತಿಯೂ ಒಪ್ಪಿಯಾಗಿತ್ತು. (ಯಜಮಾನರ ಒಪ್ಪಿಗೆ ಅದರಲ್ಲೇ ಸೇರಿತ್ತು.) ಉಳಿದದ್ದು ಮೇಡಂ ಒಬ್ಬರ ಹೂಂ.

ಮೊದಲ ಸಲ ಮೇಡಂ ಮನೆಗೆ ಹೋಗುವಾಗ ಯಜಮಾನರು ದಾರಿಯುದ್ದಕ್ಕೂ ಒಂದು ವ್ಯೂಹ ರಚಿಸಿದ್ದರು: ಚಹಾ ಕುಡಿಯುವುದಕ್ಕಲ್ಲದೆ ಬಾಯಿ ತೆರೆಯುವುದಿಲ್ಲ. ವ್ಯೂಹ ಬಹಳ ಹೊತ್ತು ಫಲಿಸಿತು. ಹೆಂಡತಿ ಮಾತಾಡಿದಳು, ಮಗಳು ಮಾತಾಡಿದಳು, ಹುಡುಗ ಒಂದು ಎಮ್ಮೆಯ ಹೆರಿಗೆಯ ಬಗ್ಗೆ ಮಾತಾಡಿದ. ಗೋಡೆಯುದ್ದಕ್ಕೂ ಪುಸ್ತಕ ನಿಂತಿದ್ದ ಆ ಕೋಣೆಯಲ್ಲಿ ಯಜಮಾನರು ಸೋಫಾದ ಅಂಚಿನಲ್ಲಿ ಕೂತು, ಖಾಲಿಯಾದ ಲೋಟದಿಂದಲೇ ಮತ್ತೆ ಮತ್ತೆ ಕುಡಿಯುತ್ತಿದ್ದರು. ಅಷ್ಟರಲ್ಲಿ ಮೇಡಂ ತಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವರ ಕಡೆಗೇ ತಿರುಗಿದರು.

"ನೀವು ಏನೂ ಮಾತಾಡ್ಲೇ ಇಲ್ಲ. ನನಗೊಂದು ಹುಚ್ಚು, ತಪ್ಪು ತಿಳ್ಕೋಬೇಡಿ. ಹೊಸಬರು ಸಿಕ್ಕಿದ್ರೆ ಅವರಿಗೆ ಇಷ್ಟವಾದ ಒಂದು ಇಂಗ್ಲಿಷ್ ಪದ ಕೇಳ್ತೀನಿ. ಚೆಂದದ ಪದ. ನಿಮ್ದು ಹೇಳಿ ನೋಡೋಣ."

ಯಜಮಾನರ ಇದ್ದಬದ್ದ ಇಂಗ್ಲಿಷೆಲ್ಲ ಬೆವರಾಗಿ ಅಂಗೈಗೆ ಇಳಿಯಿತು. ಹೆದರಿದವರ ಬಾಯಿಗೆ ಬರುವುದು ಅವರವರ ಅಂಗಡಿಯೇ.

"ಲೆನ್ಸ್," ಅಂದರು.

"ಲೆನ್ಸಾ?" ಮೇಡಂ ಹುಬ್ಬೇರಿಸಿದರು. "ಅದರಲ್ಲೇನು ಚೆಂದ?"

"ಅದು... ಮಸೂರ," ಎಂದು ಯಜಮಾನರು ತೊದಲಿದರು. "ಸ್ಕೂಲಲ್ಲಿ ಹಾಗೇ ಹೇಳಿಕೊಟ್ಟಿದ್ರು, ಪೀನ ಮಸೂರ, ನಿಮ್ನ ಮಸೂರ ಅಂತ. ಮಸೂರ ಅಂದ್ರೆ ಒಂದು ಕಾಳು ಅಲ್ವಾ. ಎರಡೂ ಕಡೆ ಉಬ್ಬಿರುತ್ತೆ. ಹಾಗಾಗಿ..."

ಮೇಡಂ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದರು. ಯಜಮಾನರು ಬೆಚ್ಚಿ ಲೋಟ ಅಪ್ಪಿಕೊಂಡರು.

"ಅಬ್ಬಬ್ಬ! ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದ್ರೂ ಅದೇ ಕಾಳು! ಆಕಾರ ನೋಡಿ ಗಾಜಿಗೆ ಕಾಳಿನ ಹೆಸರಿಟ್ರು. ಇದನ್ನ ಎಷ್ಟು ವರ್ಷ ಪಾಠ ಮಾಡಿದೀನಿ, ಒಬ್ಬ ವಿದ್ಯಾರ್ಥಿಗೂ ನೆನಪಿರಲಿಲ್ಲ. ನಿಮಗೆ ಪದಗಳ ಹುಟ್ಟು ಹುಡುಕೋ ಅಭ್ಯಾಸ ಇದೆ, ಅಲ್ವಾ?"

ಇಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಲ್ಲ ಎನ್ನಲು ಧೈರ್ಯ ಬೇಕು. ಯಜಮಾನರು ಸುಲಭದ ದಾರಿ ಹಿಡಿದು "ಹೂಂ" ಅಂದರು.

"ಹಾಗಾದ್ರೆ ಮುಂದಿನ ಭಾನುವಾರ ನಾನೇ ನಿಮ್ಮನೆಗೆ ಬರ್ತೀನಿ. ನೀವೊಂದು ಪದ, ನಾನೊಂದು ಪದ. ಅರ್ಥ, ಹುಟ್ಟು ಎರಡೂ ಹೇಳಬೇಕು. ಮಾತುಕತೆ ಅಲ್ಲೇ ಮುಗಿಸೋಣ."

ಹೊರಡುವಾಗ ಏನಾದರೂ ಒಳ್ಳೆಯದು ಹೇಳಬೇಕೆನ್ನಿಸಿ ಯಜಮಾನರು ಮನೆಯನ್ನೂ ಮೇಡಂ ಅವರನ್ನೂ ಒಟ್ಟಿಗೆ ನೋಡಿ "ವೆರಿ ನೈಸ್" ಅಂದರು. ಅದೊಂದೇ ಅವರಿಗೆ ಸಲೀಸಾಗಿ ಬರುತ್ತಿದ್ದ ಇಂಗ್ಲಿಷು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ನಿಂಗೆ ನಿಜವಾಗ್ಲೂ ಗೊತ್ತಿತ್ತಾ?"

"ಇಲ್ಲ ಕಣೇ."

"ಮತ್ತೆ ಹೂಂ ಅಂದ್ಯಲ್ಲ!"

"ಅವರು ಅಷ್ಟು ಖುಷಿಯಾಗಿದ್ರು. ಇಲ್ಲ ಅನ್ನೋಕೆ ಭಯ ಆಯ್ತು."

ಮಗಳು ಕುಸಿದು ಕೂತಳು. ಈ ಹುಡುಗನಿಗೆ ಹಿಂದೆ ಒಂದು ಸಂಬಂಧ ಬಂದಿತ್ತಂತೆ. ಆ ಹೆಣ್ಣಿನ ತಂದೆ, ಓದದ ಪುಸ್ತಕವನ್ನು ಓದಿದ್ದೇನೆ ಅಂದರಂತೆ. ಮೇಡಂ ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಎದ್ದು ಬಂದರಂತೆ. "ಗೊತ್ತಿಲ್ಲ ಅಂದ್ರೆ ಅವರಿಗೆ ಏನೂ ಬೇಜಾರಿಲ್ಲಪ್ಪ. ಗೊತ್ತು ಅಂತ ನಾಟಕ ಆಡಿದ್ರೆ ಮಾತ್ರ ಮುಗೀತು. ಅವರ ಮಾತು ಮೀರಿ ಇವನು ಮದುವೆ ಆಗಲ್ಲ, ನಾನೂ ಆಗು ಅನ್ನಲ್ಲ," ಎಂದು ಹೇಳಿ ಕಣ್ಣೊರೆಸಿಕೊಂಡಳು.

"ಸುಮ್ನೆ ಈಗಲೇ ಫೋನ್ ಮಾಡಿ ನಿಜ ಹೇಳಿಬಿಡಿ," ಅಂದಳು ಹೆಂಡತಿ. "ಒಂದು ನಿಮಿಷದ ಕೆಲಸ."

"ಈಗ ನಿಜ ಹೇಳಿದ್ರೆ ಆಗ ಹೂಂ ಅಂದಿದ್ದು ಸುಳ್ಳು ಅಂತ ಆಗಲ್ವಾ?"

"ಆಗುತ್ತೆ. ಹೌದಲ್ಲ ಮತ್ತೆ?"

"ಅದಕ್ಕೇ, ನಾನು ಭಾನುವಾರದೊಳಗೆ ಕಲಿತುಬಿಟ್ರೆ ಹೂಂ ಅಂದಿದ್ದು ನಿಜ ಆಗುತ್ತೆ. ಸ್ವಲ್ಪ ತಡವಾಗಿ ನಿಜ ಆಗುತ್ತೆ, ಅಷ್ಟೇ."

"ಅವತ್ತಿದ್ದ ಧೈರ್ಯ ಎಲ್ಲಿ ಹೋಯ್ತೋ!" ಎಂದು ಹೆಂಡತಿ ಒಳಗೆ ಹೋದಳು.

ಮಗಳು ಆಸ್ಪತ್ರೆಯ ಡಾಕ್ಟರೊಬ್ಬರ ಬಳಿ ಕೇಳಿ, ಪದಗಳ ಹುಟ್ಟು ಹೇಳುವ ದಪ್ಪ ಪುಸ್ತಕವೊಂದನ್ನು ತಂದುಕೊಟ್ಟಳು. ಯಜಮಾನರು ಅದನ್ನು ತೆರೆದ ಗಳಿಗೆಯಿಂದ ಅವರ ಬದುಕಿನ ನೆಮ್ಮದಿ ಮುಚ್ಚಿತು. ಇಂಗ್ಲಿಷ್ ಭಾಷೆ ಇಷ್ಟು ಭಯಂಕರವಾದದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಸಲ್ ಅಂದರೆ ಪುಟ್ಟ ಇಲಿ. ತೋಳು ಮಡಿಸಿದಾಗ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆಂದು ಆ ಹೆಸರಂತೆ. ಅದನ್ನು ಓದಿದ ಮೇಲೆ ಯಜಮಾನರು ತೋಳು ಮಡಿಸುವುದನ್ನೇ ಬಿಟ್ಟರು, ಊಟಕ್ಕೆ ಚಮಚ ಕೇಳಿದರು, ಅದನ್ನೂ ನೆಟ್ಟಗೆ ಚಾಚಿದ ಕೈಯಲ್ಲಿ ಹಿಡಿದರು. ಡಿಸಾಸ್ಟರ್ ಅಂದರೆ ಕೆಟ್ಟ ನಕ್ಷತ್ರ. ಪ್ಯಾನಿಕ್ ಎಂಬುದು ಕಾಡಿನಲ್ಲಿ ಒಂಟಿಯಾಗಿ ಹೋಗುವವರನ್ನು ಹೆದರಿಸುತ್ತಿದ್ದ, ಮೇಕೆ ಕಾಲಿನ ಒಬ್ಬ ದೇವರ ಹೆಸರಿನಿಂದ ಬಂದದ್ದು. ಹೆದರಿಕೆಗೂ ಒಬ್ಬ ದೇವರಿದ್ದಾನೆಂದು ತಿಳಿದು ಅವರಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಅವನ ಕಾಲು ನೆನೆದು ಹೆದರಿಕೆಯಾಯಿತು.

ಎಲ್ಲಕ್ಕಿಂತ ದೊಡ್ಡ ಸಿಡಿಲು ಬಡಿದದ್ದು ನೈಸ್ ಎಂಬ ಪದದಿಂದ. ಈಗ ಅದಕ್ಕೆ ಒಳ್ಳೆಯದು ಎಂಬರ್ಥ ಇರಬಹುದು. ಹುಟ್ಟಿದಾಗ ಅದರ ಅರ್ಥ ಏನೂ ಗೊತ್ತಿಲ್ಲದ ದಡ್ಡ ಎಂದಿತ್ತಂತೆ.

"ಲೇ, ಇವಳೇ!" ಯಜಮಾನರು ಅಡುಗೆಮನೆಗೆ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು. "ನಾನು ಮೇಡಂಗೆ ವೆರಿ ನೈಸ್ ಅಂದೆನಲ್ಲ!"

"ಅಂದ್ರಿ. ಏನೀಗ?"

"ಹುಟ್ಟು ಹಿಡಿದು ನೋಡೋರಿಗೆ ಅದು ಏನಾಗಿ ಕೇಳಿಸಿರುತ್ತೆ? ಅವರನ್ನ ಅವರ ಮನೇಲೇ ಶತದಡ್ಡಿ ಅಂದ ಹಾಗಾಯ್ತು!"

ಹೆಂಡತಿ ತರಕಾರಿ ಹೆಚ್ಚುತ್ತ, ತಲೆಯೆತ್ತದೆ, "ಹಾಗಾದ್ರೆ ಮುಂದಿನ ಸಲ ನಿಮ್ಮನ್ನ ನೀವೇ ನೈಸ್ ಅಂದ್ಕೊಳ್ಳಿ, ಸರಿಹೋಗುತ್ತೆ," ಅಂದಳು.

ಆದರೂ ಪಾಠ ಒಪ್ಪಿಸಿಕೊಳ್ಳುವವಳು ಆಕೆಯೇ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೌಟು. ಆಕೆಗೆ ಒಮ್ಮೆ ಓದಿದ್ದು ಮನಸ್ಸಿನಲ್ಲಿ ಕೂರುತ್ತಿತ್ತು. ಯಜಮಾನರಿಗೆ ಹತ್ತು ಸಲ ಓದಿದ್ದು ಎದ್ದು ಹೋಗುತ್ತಿತ್ತು. "ಕಂಪ್ಯಾನಿಯನ್?" ಎಂದು ಆಕೆ ಸೌಟು ತೋರಿಸಿದರೆ, ಅವರಿಗೆ ಸೌಟು ಮಾತ್ರ ಕಾಣಿಸುತ್ತಿತ್ತು. "ಒಟ್ಟಿಗೆ ರೊಟ್ಟಿ ತಿನ್ನೋರು ಅಂತ ರೀ! ಇಷ್ಟು ವರ್ಷ ನನ್ನ ಎದುರೇ ಕೂತು ತಿಂದಿದೀರ, ಇಷ್ಟೂ ನೆನಪಿರಲ್ವಾ?" ಎಂದು ಆಕೆ ರೇಗುತ್ತಿದ್ದಳು.

ಹೀಗೆ ಪೀಕಲಾಟದಲ್ಲಿರುವಾಗಲೇ ಯಜಮಾನರಿಗೆ ಆ ದಿವ್ಯ ಉಪಾಯ ಹೊಳೆದದ್ದು. ಅವರ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಗಿರಾಕಿ ಕೂರುವ ಎತ್ತರದ ಕುರ್ಚಿ, ಎದುರಿನ ಗೋಡೆಯ ಮೇಲೆ ಅಕ್ಷರದ ಚಾರ್ಟು. ಮೇಲೆ ದಪ್ಪಕ್ಷರ, ಕೆಳಗಿಳಿದಂತೆ ಸಣ್ಣದು. ಇಷ್ಟು ವರ್ಷ ಅದನ್ನೇ ನೋಡಿ ನೋಡಿ, ಅದರ ಒಂದೊಂದು ಅಕ್ಷರವೂ ಅವರಿಗೆ ಬಾಯಿಪಾಠ. ಹಾಗಾದರೆ ಆ ಜಾಗದಲ್ಲಿ ಈ ಪದಗಳನ್ನೇ ತೂಗುಹಾಕಿದರೆ? ಅವತ್ತೇ ಬಿಳಿ ಹಾಳೆ ತಂದರು, ಮಸಿ ತಂದರು. ಮೇಲಿನ ಸಾಲಿನಲ್ಲಿ ವಿಂಡೋ, ಅದರ ಕೆಳಗೆ ಡೈಸಿ, ಕೆಳಕೆಳಗೆ ಉಳಿದವು; ಕಟ್ಟಕಡೆಯ, ಇರುವೆ ಸಾಲಿನಂಥ ಸಾಲಿನಲ್ಲಿ ಪ್ಯೂಪಿಲ್. ಎಲ್ಲದರ ಪಕ್ಕದಲ್ಲೂ ಹುಟ್ಟು ಬರೆದರು.

ಗಿರಾಕಿಗಳ ಪಾಡು ಹೇಳತೀರದು. ಕಣ್ಣು ಮಂಜಾಗಿದೆ ಎಂದು ಬಂದ ದರ್ಜಿಯೊಬ್ಬರು ಮೂರನೇ ಸಾಲಿನ ಎಫೆಮೆರಲ್ ಎಂಬ ಪದದ ಮುಂದೆ ಬಹಳ ಹೊತ್ತು ಹೆಣಗಿ, ಕೊನೆಗೆ ಕುರ್ಚಿಯಿಂದ ಇಳಿದು, "ಸ್ವಾಮಿ, ನನ್ನ ಕಣ್ಣು ಸರಿಯಾಗೇ ಇದೆ, ಹೋಗಿರೋದು ಇಂಗ್ಲಿಷು. ಅದಕ್ಕೆ ಕನ್ನಡಕ ಇದ್ರೆ ಕೊಡಿ," ಎಂದು ಕೈಮುಗಿದು ಹೋದರು.

ಗಿರಾಕಿಗಳಿಲ್ಲದಾಗ ಯಜಮಾನರೇ ಆ ಕುರ್ಚಿ ಏರುತ್ತಿದ್ದರು. ಎರಡೂ ಕಣ್ಣು ಬಿಟ್ಟು ಓದಿದರೆ ಕೆಳಗಿನ ಸಾಲುಗಳು ಯಾಕೋ ಒಂದರ ಮೇಲೊಂದು ಹತ್ತಿದಂತೆ ಕಾಣುತ್ತಿದ್ದವು. ಕಣ್ಣು ಮುಚ್ಚಲು ಗಿರಾಕಿಗಳಿಗೆ ಕೊಡುವ ಕಪ್ಪು ಚಮಚವನ್ನು ಎಡಗಣ್ಣಿನ ಮುಂದೆ ಹಿಡಿದರೆ ಎಲ್ಲವೂ ಕನ್ನಡಿಯಷ್ಟು ಸ್ವಚ್ಛ. ಯಾಕೆ ಹೀಗೆ ಎಂದು ಅವರು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬಂದೀತೆಂಬ ಭಯ. ಎಡಗಣ್ಣು ಮುಚ್ಚಿ ಓದಿದರು, ಮುಚ್ಚಿ ಓದಿದರು, ಶನಿವಾರದ ಸಂಜೆಗೆ ಚಾರ್ಟು ಪೂರ್ತಿ ನಾಲಿಗೆಯ ಮೇಲಿತ್ತು. ಬದುಕಿನಲ್ಲಿ ಮೊದಲ ಸಲ ಅವರಿಗೆ ತಾನು ಯಾವುದಕ್ಕೋ ಸಿದ್ಧ ಎನ್ನಿಸಿತು. ಆ ಅನಿಸಿಕೆಯೇ ಅವರನ್ನು ಸ್ವಲ್ಪ ಹೆದರಿಸಿತು.

ಭಾನುವಾರ ಮೇಡಂ ಮಗನ ಜೊತೆ ಬಂದರು. ಕೂತರು, ನೀರು ಕುಡಿದರು, ಮನೆ ನೋಡಿ ಮೆಚ್ಚಿದರು. ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು, ಆಟಕ್ಕೆ ಕೂತ ಮಗುವಿನಂತೆ ಮುಂದೆ ಬಾಗಿ, "ನಾನೇ ಶುರು ಮಾಡ್ತೀನಿ," ಎಂದರು. "ವ್ಯಾಕ್ಸೀನ್! ಲ್ಯಾಟಿನ್ನಿನಲ್ಲಿ ಹಸು ಅನ್ನೋ ಪದದಿಂದ ಬಂತು. ಮೊದಲ ಲಸಿಕೆ ಹಸುವಿನ ಸಿಡುಬಿನಿಂದ ಮಾಡಿದ್ದಲ್ವಾ, ಹಾಗಾಗಿ. ನನ್ನ ಮಗನ ಕೆಲಸಕ್ಕೆ ಹೊಂದೋ ಪದ. ಈಗ ನಿಮ್ಮದು."

ಯಜಮಾನರು ಬಾಯಿ ತೆರೆದರು. ಒಳಗೆ ಏನೂ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಸಂಸಾರ ಸಮೇತ ಊರು ಬಿಟ್ಟಂತೆ ಪದಗಳೆಲ್ಲ ಹೋಗಿದ್ದವು. ಮಗಳು ಉಸಿರು ಬಿಗಿಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಗೋಡೆಯ ಗಡಿಯಾರ ಅಷ್ಟು ಜೋರಾಗಿ ಎಂದೂ ನಡೆದಿರಲಿಲ್ಲ. ಚಾರ್ಟನ್ನು ನೆನಪಿಸಿಕೊಳ್ಳಲು ಹೆಣಗುವಾಗ ಅವರಿಗೇ ಅರಿವಿಲ್ಲದೆ ಎಡಗಣ್ಣು ಮುಚ್ಚಿತು, ತಟ್ಟನೆ ಮೇಲಿನ ಸಾಲು ಬೆಳಗಿತು.

"ವಿಂಡೋ!" ಎಂದು ಕೂಗಿದರು. "ಗಾಳಿಯ ಕಣ್ಣು!"

ಹೇಳಿ ಮುಗಿದದ್ದೇ ಕಣ್ಣು ತೆರೆಯಿತು. ಮೇಡಂ ಸ್ವಲ್ಪ ಹಿಂದಕ್ಕೆ ಸರಿದಿದ್ದರು. ಮುಖದ ನಗು ಹಾಗೇ ಇದ್ದರೂ ಕೆಳಗಿನಿಂದ ಆಧಾರ ತೆಗೆದಂತಿತ್ತು. "ಚೆನ್ನಾಗಿದೆ," ಅಂದರು ನಿಧಾನಕ್ಕೆ. "ಹಳೆಯ ಕಾಲದಲ್ಲಿ ಗೋಡೆಯ ಕಿಂಡಿಗೆ ಹಾಗನ್ನುತ್ತಿದ್ದರು. ಇನ್ನೊಂದು?"

ಮತ್ತೆ ಕತ್ತಲು. ಯಜಮಾನರಿಗೆ ಗುಟ್ಟು ಗೊತ್ತಾಗಿಹೋಯಿತು. ತಾನು ಕಲಿತದ್ದೆಲ್ಲ ಬಲಗಣ್ಣಿನಲ್ಲಿದೆ. ಎಡಗಣ್ಣು ತೆರೆದಿರುವಾಗ ಅದು ಹೊರಗೆ ಬರುವುದಿಲ್ಲ! ಬೇರೆ ದಾರಿಯಿಲ್ಲದೆ ಮೇಡಂ ಅವರನ್ನೇ ದೀನವಾಗಿ ನೋಡುತ್ತ ಎಡಗಣ್ಣು ಮುಚ್ಚಿದರು.

"ಡೈಸಿ ಹೂವು. ಹಗಲಿನ ಕಣ್ಣು."

ಹುಡುಗ ಕೆಮ್ಮಿದ. ದನಗಳಿಗೆ ಬರುವಂಥ ಕೆಮ್ಮು. ಮೇಡಂ ಕಿವಿ ಕೆಂಪಾಗುತ್ತಿತ್ತು. "ಕಣ್ಣೇ ಕಣ್ಣು," ಅಂದರು ಬಿಗಿಯಾಗಿ. "ಬೇರೆ ಇಲ್ವಾ?"

ಇತ್ತು, ಮುಚ್ಚಿದರೆ ಇತ್ತು. ಯಜಮಾನರು ಮುಚ್ಚಿದರು. "ಎಫೆಮೆರಲ್! ಒಂದೇ ದಿನದ ಮಟ್ಟಿಗೆ!"

ಆ ಅರ್ಥ ಆ ಕಣ್ಣಿನ ಜೊತೆ ಸೇರಿ ಆ ಕೋಣೆಯಲ್ಲಿ ಏನು ಉಂಟುಮಾಡಬಹುದೋ ಅದನ್ನು ಉಂಟುಮಾಡಿತು. ಅದೇ ಹೊತ್ತಿಗೆ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತನ್ನ ಗಂಡ, ನಾಳೆಯ ಬೀಗಿತ್ತಿಯ ಕಡೆ ಬಾಗಿ, ನೆಟ್ಟಗೆ ಮುಖ ನೋಡುತ್ತ ಕಣ್ಣು ಹೊಡೆಯುವುದನ್ನು ಆಕೆ ಕಣ್ಣಾರೆ ಕಂಡಳು. ತಟ್ಟೆಯ ಮೇಲಿನ ಲೋಟಗಳು ತಾವಾಗಿ ಗಲಗಲ ಅಂದವು.

"ಅಪ್ಪಾ!" ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಏನ್ ಮಾಡ್ತಿದೀಯ?"

ಯಜಮಾನರಿಗೆ ತಾನು ಮಾಡುತ್ತಿದ್ದುದು ಆಗ ಹೊಳೆಯಿತು. ಗಾಬರಿಯಲ್ಲಿ, ಏನಾದರೂ ಅಡ್ಡ ಹಿಡಿದರಾದರೂ ಮರ್ಯಾದೆಯಾಗಿ ಕಂಡೀತೆಂದು, ಮೇಜಿನ ಮೇಲಿನ ಸಾಸರನ್ನೆತ್ತಿ ಎಡಗಣ್ಣಿನ ಮೇಲೆ ಇಟ್ಟುಕೊಂಡರು. ಒಂದು ಕಡೆ ಸಾಸರು, ಒಂದು ಕಡೆ ಹೆದರಿದ ಕಣ್ಣು; ಅದರಡಿಯಿಂದ "ಕಂಪ್ಯಾನಿಯನ್, ಒಟ್ಟಿಗೆ ರೊಟ್ಟಿ ತಿನ್ನೋರು," ಎಂಬ ಕ್ಷೀಣ ಧ್ವನಿ ಬಂತು.

ಮೇಡಂ ಎದ್ದರು. ಚೀಲ ಹೆಗಲಿಗೇರಿತು. "ನಡಿಯಪ್ಪ, ಹೋಗೋಣ," ಅಂದರು ಮಗನಿಗೆ. ಹುಡುಗ ಏಳಲೂ ಇಲ್ಲ, ಕೂರಲೂ ಇಲ್ಲ. ಮಗಳ ಕಣ್ಣು ತುಂಬಿತ್ತು. ಅದನ್ನು ನೋಡಿದ ಕ್ಷಣ ಯಜಮಾನರ ಎದೆಯೊಳಗಿದ್ದ ಸಣ್ಣಪುಟ್ಟ ಹೆದರಿಕೆಗಳನ್ನೆಲ್ಲ ಒಂದು ದೊಡ್ಡ ಹೆದರಿಕೆ ನುಂಗಿಹಾಕಿತು. ಮಗಳ ಬಾಳು ತನ್ನ ಒಂದು ಕಣ್ಣಿನಿಂದ ಹಾಳಾಯಿತಲ್ಲ!

"ಮೇಡಂ, ಕಣ್ಣು ಹೊಡೀಲಿಲ್ಲ!" ಎಂದು ಚೀರಿದರು. "ನನಗೆ ಇಂಗ್ಲಿಷ್ ಬರಲ್ಲ! ಹೂಂ ಅಂದಿದ್ದು ಸುಳ್ಳು. ಲೆನ್ಸ್ ವಿಷಯ ಆಕಸ್ಮಿಕ. ಇದೆಲ್ಲ ಈ ವಾರ ಅಂಗಡಿ ಚಾರ್ಟಿನಲ್ಲಿ ಎಡಗಣ್ಣು ಮುಚ್ಚಿ ಕಲಿತಿದ್ದು. ಕಣ್ಣು ತೆರೆದ್ರೆ ಎಲ್ಲ ಹೋಗಿಬಿಡುತ್ತೆ, ನಾನೇನು ಮಾಡ್ಲಿ? ನಿಮ್ಮನ್ನ ನೈಸ್ ಅಂದಿದ್ದೂ ದಡ್ಡಿ ಅನ್ನೋ ಅರ್ಥದಲ್ಲಲ್ಲ!"

ಮೇಡಂ ನಿಂತಲ್ಲೇ ತಿರುಗಿ ಅವರನ್ನು ಬಹಳ ಹೊತ್ತು ನೋಡಿದರು, ಕಾಪಿ ಹೊಡೆದು ಸಿಕ್ಕಿಬಿದ್ದವನ ಉತ್ತರಪತ್ರಿಕೆ ನೋಡುವಂತೆ. "ಆ ಚಾರ್ಟು ತೋರಿಸಿ," ಅಂದರು.

ಮೆರವಣಿಗೆ ಅಂಗಡಿಗೆ ಹೋಯಿತು. ಯಜಮಾನರನ್ನು ಕುರ್ಚಿಯ ಮೇಲೆ ಹತ್ತಿಸಲಾಯಿತು. ಮೇಡಂ ಕಪ್ಪು ಚಮಚ ಕೊಟ್ಟು, "ಈಗ ಬಲಗಣ್ಣು ಮುಚ್ಚಿ," ಅಂದರು. "ಎಡಗಣ್ಣಲ್ಲಿ ಓದಿ."

"ವಿಂಡೋ."

"ಅದು ಬಿಡಿ, ಅದನ್ನ ಬೀದಿಯಿಂದಲೇ ಓದಬಹುದು. ಅದರ ಕೆಳಗೆ?"

ಯಜಮಾನರು ನೋಡಿದರು. ಅದರ ಕೆಳಗೆ ಮೋಡ ಇತ್ತು. ಮೋಡದ ಕೆಳಗೆ ಇನ್ನೊಂದು ಮೋಡ ಇತ್ತು.

"ಕಾಣಲ್ಲ," ಅಂದರು, ಮಗುವಿನ ಧ್ವನಿಯಲ್ಲಿ.

"ಇದು ಹುಟ್ಟಿನಿಂದಲೇ ಇರಬೇಕು, ಅಲ್ವಾ ಅಂಕಲ್?" ಹುಡುಗ ಬಾಗಿ ನೋಡಿದ. "ಒಂದು ಕಣ್ಣು ಮಂಜಿದ್ರೆ, ಚೆನ್ನಾಗಿ ನೋಡಬೇಕು ಅನ್ನಿಸಿದಾಗ ಆ ಕಣ್ಣು ತಾನಾಗೇ ಮುಚ್ಚುತ್ತೆ. ಕುದುರೆಗಳಲ್ಲಿ ನೋಡಿದೀನಿ."

ಮೇಡಂ ಸ್ಟೂಲಿನ ಮೇಲೆ ಕೂತರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಕೊನೆಗೆ ನಗು ಬಾಯಿಗೆ ಬಂತು. "ಊರಿಗೆಲ್ಲ ಕನ್ನಡಕ ಹಾಕೋ ಮನುಷ್ಯ!" ಎಂದು ಕಣ್ಣೊರೆಸಿಕೊಂಡರು. "ನಾಟಕ ಆಡೋರನ್ನ ಕಂಡ್ರೆ ನನಗಾಗಲ್ಲ. ಆದ್ರೆ ಇಷ್ಟು ಕೆಟ್ಟದಾಗಿ ನಾಟಕ ಆಡೋರನ್ನ ನಾನು ಎಲ್ಲೂ ನೋಡಿಲ್ಲ. ಆಯ್ತು, ಇದು ಕಣ್ಣಿನ ದೋಷ ಅಂತ ಒಪ್ಕೊಂಡೆ. ಮಾತು ಮುಂದುವರಿಸೋಣ."

ಯಜಮಾನರು ಬಿಟ್ಟ ಉಸಿರಿಗೆ ಚಾರ್ಟು ಅಲ್ಲಾಡಿತು. ಮಗಳು ಹುಡುಗನ ಕೈ ಹಿಡಿದುಕೊಂಡಳು. ಎಲ್ಲ ಸುಖವಾಯಿತು ಎನ್ನುವಾಗ ಬಾಗಿಲ ಬಳಿಯಿಂದ ಹೆಂಡತಿಯ ಧ್ವನಿ ಕೇಳಿತು. ಆಕೆ ಇನ್ನೂ ಚಹಾದ ತಟ್ಟೆ ಹಿಡಿದೇ ನಿಂತಿದ್ದಳು.

"ಒಂದು ನಿಮಿಷ. ಹಾಗಾದ್ರೆ ಅವತ್ತು?"

"ಯಾವತ್ತು?" ಅಂದರು ಯಜಮಾನರು. ಇಷ್ಟು ವರ್ಷ ಕೇಳದಿದ್ದ ಪ್ರಶ್ನೆ ಬಾಯಿಜಾರಿ ಬಂದಿತ್ತು.

"ನಿಮ್ಮ ಸೋದರಮಾವನ ಅಂಗಡೀಲಿ ನೀವು ಕೆಲಸಕ್ಕಿದ್ರಲ್ಲ, ಅಪ್ಪನ ಕನ್ನಡಕ ರಿಪೇರಿಗೆ ಅಂತ ನಾನು ಬಂದಿದ್ದೆ. ಅಂಗಡಿ ತುಂಬ ಜನ. ನಿಮ್ಮ ಮಾವ ಪಕ್ಕದಲ್ಲೇ ಇದ್ರು. ಅಷ್ಟು ಜನರ ನಡುವೆ ನೀವು ನನ್ನ ನೆಟ್ಟಗೆ ನೋಡಿ ಕಣ್ಣು ಹೊಡೆದ್ರಲ್ಲ. ಅವತ್ತು."

ಯಜಮಾನರ ತಲೆ ಗಿರ್ರೆಂದಿತು. ಅವತ್ತಿದ್ದ ಧೈರ್ಯ! ಆಕೆಯ ಕೆನ್ನೆಗೆ ಬಣ್ಣ ತರುತ್ತಿದ್ದ ಆ ಧೈರ್ಯ ಇದೇ! ಬೆಕ್ಕಿನ ಮರಿಗೂ ಹೆದರುವ ಗಂಡನನ್ನು ಆಕೆ ಇಷ್ಟು ಕಾಲ ಸಹಿಸಿದ್ದು ಆ ಒಂದು ಕಣ್ಣಿನ ಸಾಲದ ಮೇಲೆ.

ಅವರು ಬಾಯಿ ತೆರೆದರು. "ಅದಾ? ಅದು ಮಾತ್ರ... ಬೇಕಂತಲೇ..."

"ಬೇಕಂತಲೇನಾ?" ಮೇಡಂ ಕತ್ತು ಈ ಕಡೆಗೆ ತಿರುಗಿತು. ನಗು ನಿಂತಿತ್ತು. "ಬೇಕಂತ ಹೊಡೆಯೋ ಅಭ್ಯಾಸ ಇದೆ ಅಂದ ಹಾಗಾಯ್ತು. ಹಾಗಾದ್ರೆ ಇವತ್ತಿಂದು?"

ಯಜಮಾನರು ಒಮ್ಮೆ ಹೆಂಡತಿಯನ್ನು ನೋಡಿದರು, ಒಮ್ಮೆ ಮೇಡಂ ಅವರನ್ನು. ಅವತ್ತು ಹೊಡೆದದ್ದು ನಿಜವಾದರೆ ಇವತ್ತಿನದೂ ನಿಜ, ಮಗಳ ಮದುವೆ ಹೋಯಿತು. ಇವತ್ತಿನದು ದೋಷವಾದರೆ ಅವತ್ತಿನದೂ ದೋಷ, ತನ್ನ ಮದುವೆ ಹೋಯಿತು. ಎತ್ತ ಹೋದರೂ ಒಂದು ಸಂಸಾರ ಮುರಿಯುತ್ತಿತ್ತು. ಆಗ ನಡೆದದ್ದು ವಿಚಿತ್ರ. ಎರಡೂ ಕಣ್ಣು ಅಗಲವಾಗಿ ತೆರೆದಿರುವಾಗಲೇ ಪದಗಳೆಲ್ಲ ಒಟ್ಟಿಗೆ ಉಕ್ಕಿ ಬಂದವು.

"ಪ್ಯಾನಿಕ್, ಮೇಕೆ ಕಾಲಿನ ದೇವರು! ಅಸ್ಟಾನಿಶ್, ಗುಡುಗು ಬಡಿದದ್ದು! ಪೆಟ್ರಿಫೈ, ಕಲ್ಲಾಗೋದು! ಡಿಸಾಸ್ಟರ್, ಕೆಟ್ಟ ನಕ್ಷತ್ರ! ಮಸಲ್, ಇಲಿ!"

"ಎಲ್ಲ ಸರಿ," ಅಂದರು ಮೇಡಂ, ತಮಗರಿವಿಲ್ಲದೆ ಬೆರಳು ಮಡಿಸುತ್ತ. "ಆದ್ರೆ ಇದು ಉತ್ತರ ಅಲ್ಲ."

ಯಜಮಾನರು ಮಗಳ ಮುಖ ನೋಡಿದರು. 

"ಎರಡೂ ದೋಷವೇ," ಅಂದರು. ತಲೆ ತಗ್ಗಿತ್ತು. "ಅವತ್ತೂ ನಾನು ಕಣ್ಣು ಹೊಡೀಲಿಲ್ಲ."

ಹೆಂಡತಿ ಎಲ್ಲರಿಗೂ ಚಹಾ ಕೊಟ್ಟಳು, ಗಂಡನ ಲೋಟವನ್ನು ಮಾತ್ರ ಮೇಜಿನ ಮೇಲೆ ಕುಕ್ಕಿದಳು. ಮದುವೆ ನಿಶ್ಚಯವಾಯಿತು. ಪುಸ್ತಕವನ್ನು ಅರೆದು ಕುಡಿದಿದ್ದ ಹೆಂಡತಿಯ ಜೊತೆ ಪದಗಳ ಆಟ ಮುಂದುವರಿಸಲು ಇನ್ನು ಪ್ರತಿ ಭಾನುವಾರ ಬರುವುದಾಗಿ ಮೇಡಂ ಘೋಷಿಸಿದರು. ಆ ಹೊತ್ತಿನಲ್ಲಿ ಚಹಾ ಮಾಡುವ ಜವಾಬ್ದಾರಿ ಯಾರದೆಂಬುದೂ ನಿಶ್ಚಯವಾಯಿತು. ಇಷ್ಟೆಲ್ಲ ನಿಶ್ಚಯಗಳ ನಡುವೆ ಯಜಮಾನರಿಗೆ ಹೆಂಡತಿಯ ಮೌನವೊಂದೇ ಕೇಳುತ್ತಿತ್ತು. ಕುಕ್ಕರಿನ ಸೀಟಿಯೂ ಅವರನ್ನು ಅಷ್ಟು ಹೆದರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗ ಹೆಂಡತಿ ಹಿಂದೆಯೇ ಬಂದಳು. "ಕೂತ್ಕೊಳ್ಳಿ," ಎಂದು ಗಿರಾಕಿಯ ಕುರ್ಚಿ ತೋರಿಸಿದಳು. ಪರೀಕ್ಷೆಯ ದಪ್ಪ ಚೌಕಟ್ಟನ್ನು ಅವರ ಮೂಗಿಗೇರಿಸಿ, ಬಲಗಣ್ಣಿನ ಮುಂದೆ ಕಪ್ಪು ಬಿಲ್ಲೆ ಸಿಕ್ಕಿಸಿದಳು. ಇಷ್ಟು ವರ್ಷ ಗಂಡನ ಕೆಲಸ ನೋಡಿದವಳಿಗೆ ಅಷ್ಟು ಕೈಬಳಕೆ ಇತ್ತು.

"ಈ ಕಣ್ಣಲ್ಲಿ ನಾನು ಕಾಣ್ತೀನಾ?"

"ಕಾಣ್ತೀಯ. ಸ್ವಲ್ಪ ಮಬ್ಬು."

"ಅವತ್ತು ಯಾಕೆ ಮುಚ್ಚಿದ್ರಿ ಈ ಕಣ್ಣು? ನಿಜ ಹೇಳಿ. ಮುಚ್ಚಿದ್ದು ನಾನೇ ನೋಡಿದೀನಿ."

"ನಿನ್ನ ಚೆನ್ನಾಗಿ ನೋಡಬೇಕು ಅನ್ನಿಸಿರಬೇಕು ಕಣೇ. ಹಾಗನ್ನಿಸಿದಾಗಲೇ ಅದು ಮುಚ್ಚೋದು ಅಂತ ಆ ಹುಡುಗ ಹೇಳಿದ್ನಲ್ಲ. ಆದ್ರೆ ನೀನು ಕೂಡ ನನ್ನ ನೋಡಿಬಿಟ್ಟೆ. ನಾನು ಹೆದರಿ ಮೇಜಿನ ಕೆಳಗೆ ಸ್ಕ್ರೂ ಹುಡುಕ್ತಾ ಕೂತೆ."

ಹೆಂಡತಿ ಒಂದೊಂದೇ ಗಾಜು ಚೌಕಟ್ಟಿಗೆ ಇಳಿಸಿ ತೆಗೆಯುತ್ತ ಹೋದಳು. ಮಬ್ಬಿನೊಳಗಿಂದ ಮೊದಲು ಆಕೆಯ ಹಣೆ ಬಂತು, ಆಮೇಲೆ ಮೂಗು, ಆಮೇಲೆ ಬಿಗಿದುಕೊಂಡಿದ್ದ ತುಟಿ. ಎಡಗಣ್ಣು ಅದುವರೆಗೆ ಆಕೆಯನ್ನು ಸರಿಯಾಗಿ ಕಂಡೇ ಇರಲಿಲ್ಲ. ಯಜಮಾನರು ಬೆರಗಾಗಿ ನೋಡಿದರು. ಆಕೆ ಹತ್ತಿರಕ್ಕೆ ಬಾಗಿ ಅವರ ಕಣ್ಣೊಳಗೆ ಇಣುಕಿದಳು.

"ಪ್ಯೂಪಿಲ್?" ಎಂದು ಕೇಳಿದಳು.

"ಪುಟ್ಟ ಗೊಂಬೆ," ಅಂದರು. "ಇನ್ನೊಬ್ಬರ ಕಣ್ಣೊಳಗೆ ನೋಡಿದ್ರೆ ನಾವೇ ಸಣ್ಣ ಗೊಂಬೆಯಾಗಿ ಕಾಣ್ತೀವಲ್ಲ, ಅದಕ್ಕೆ. ನಾವು ಕಣ್ಣಿನ ಪಾಪೆ ಅಂತೀವಲ್ಲ, ಅದೂ ಗೊಂಬೆಯೇ." ಎಡಗಣ್ಣು ತೆರೆದೇ ಇತ್ತು, ಪದ ಬಂದಿತ್ತು.

"ಹೂಂ. ಇದೀನಿ," ಅಂದಳು ಹೆಂಡತಿ, ಅಲ್ಲಿ ತನ್ನನ್ನು ನೋಡಿಕೊಂಡು. ಆಮೇಲೆ ನೆಟ್ಟಗೆ ನಿಂತಳು. "ಅಂತೂ ಅವತ್ತು ಧೈರ್ಯ ಮಾಡಿದ್ದು ನೀವಲ್ಲ."

"ಅಲ್ಲ."

"ಈ ಮನುಷ್ಯನೇ ಸಾಕು ಅಂತ ಮನೆಗೆ ಹೋಗಿ ಅಪ್ಪನ ಎದುರು ನಿಂತು ಹೇಳಿದ್ದು ನಾನು. ಧೈರ್ಯ ಇದ್ದಿದ್ದು ನನಗೆ. ಇಷ್ಟು ವರ್ಷ ಸುಮ್ನೆ ನಿಮ್ಮ ಹತ್ರ ಹುಡುಕ್ತಾ ಇದ್ದೆ."

ಯಜಮಾನರು ತಲೆಯಾಡಿಸಿದರು. ಆಕೆ ಕಪಾಟು ತೆರೆದು, ಯಾವ ಗಿರಾಕಿಯೂ ಮುಟ್ಟದೆ ಧೂಳು ಹಿಡಿದಿದ್ದ, ಹುಬ್ಬಿನಿಂದ ಕೆನ್ನೆಯವರೆಗೆ ಬರುವ ಒಂದು ದಪ್ಪ ಕಂದು ಫ್ರೇಮನ್ನು ಹುಡುಕಿ ತೆಗೆದಳು. ಯಜಮಾನರಿಗೆ ಅದನ್ನು ನೋಡಿದರೇ ಭಯವಾಯಿತು. "ಇದು ಬೇಡ ಕಣೇ, ಬೇರೆ ಯಾವುದಾದ್ರೂ..." ಎಂದು ಶುರುಮಾಡಿ ಆಕೆಯ ಮುಖ ನೋಡಿದರು. ಈ ಸಲ ಅದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

"ವೆರಿ ನೈಸ್," ಅಂದರು, ಮತ್ತು ಅದನ್ನೇ ಹಾಕಿಕೊಂಡರು.